ಗುರುವಾರದ ಡಾಕ್ಟರು

"ನೀವಿಬ್ರೂ ಆ ಆಸ್ಪತ್ರೆ ಮೆಟ್ಲು ಹತ್ತಿ ಎಂಟು ತಿಂಗಳಾಯ್ತಂತೆ! ಎದುರುಮನೆ ಸೆಲ್ಲಮ್ಮನ ಮಗಳು ಅಲ್ಲೇ ಕೆಲಸಕ್ಕೆ ಸೇರಿದಾಳೆ, ಈಗ ತಾನೆ ಹೇಳಿ ಹೋದ್ಲು. ಹಂಗಾದ್ರೆ ಗುರುವಾರ ಗುರುವಾರ ಎಲ್ಲಿಗೆ ಹೋಗ್ತೀರ ಕಣ್ಣು?"

ಸೊಸೆಯನ್ನು ಮುದ್ದಿನಿಂದ ಕಣ್ಣು ಅಂತಲೇ ಕರೆಯುವ ಕಾಮಾಕ್ಷಿಯಮ್ಮ ಇದನ್ನು ಕೂಗಿಯೇ ಕೇಳಿದರು. ಸಿಟ್ಟಿಗಲ್ಲ. ಅವಿನಾಶಿ ಊರಿನ ಆ ಮನೆಯಲ್ಲಿ ಅಡುಗೆಮನೆಯ ಗೋಡೆಯಾಚೆ ನಾಲ್ಕು ಪವರ್‌ಲೂಮುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಉಪ್ಪು ಕೊಡು ಅನ್ನುವುದಕ್ಕೂ ಗಂಟಲು ಹರಿದುಕೊಳ್ಳಬೇಕು. ಮಗ್ಗಗಳ ನಡುವೆ ನಿಂತಿದ್ದ ಮಗ ಶರವಣನ್‌ಗೆ ಒಂದಕ್ಷರವೂ ಮುಟ್ಟಲಿಲ್ಲ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಸೊಸೆ ನಿತ್ಯಾಳಿಗೆ ಮಾತ್ರ ಎಲ್ಲವೂ ಕೇಳಿಸಿತು. ಮೊದಲು ಅವಳ ತಲೆಗೆ ಬಂದದ್ದು ಮಗುವಿನ ವಿಚಾರವಲ್ಲ. ಅಯ್ಯೋ, ನಾಳೆಯೇ ಗುರುವಾರ, ನಾಳೆಯ ದಿನ ಹೋಯಿತಲ್ಲ ಅಂತ. ಹಾಳು ಮನಸ್ಸು!

ಒಂದು ಮಗುವಿಗಾಗಿ ಐದು ವರ್ಷ ಸೂಜಿ, ಸ್ಕ್ಯಾನು, ಮಾತ್ರೆ. ಹದಿನೈದು ದಿನಕ್ಕೊಂದು ಗುರುವಾರ ಗಂಡ ಹೆಂಡತಿ ಎಂಟು ಗಂಟೆಯ ಬಸ್ಸಿಗೆ ಕೊಯಮತ್ತೂರಿಗೆ ಹೋಗಿಬರುತ್ತಿದ್ದರು. ಈ ವರ್ಷದ ಪೊಂಗಲ್ ಹಬ್ಬ ಮುಗಿದ ಮರುವಾರ ಡಾಕ್ಟರಮ್ಮ ನಿತ್ಯಾಳ ಕೈ ಹಿಡಿದುಕೊಂಡು, ಇನ್ನು ಸಾಕಮ್ಮ, ನಮ್ಮ ಹತ್ತಿರ ಮಾಡುವುದಕ್ಕೆ ಬೇರೇನೂ ಉಳಿದಿಲ್ಲ ಅಂದುಬಿಟ್ಟರು. ಮನೆಯಲ್ಲಿ ಹೇಳುವುದಕ್ಕೆ ಇಬ್ಬರಿಗೂ ಬಾಯಿ ಬರಲಿಲ್ಲ. ಹದಿನೈದು ದಿನ ಕಳೆದು ಗುರುವಾರ ಬಂದಾಗ ಎಂದಿನಂತೆ ಎದ್ದರು, ಮಿಂದರು, ಅದೇ ಬಸ್ಸು ಹತ್ತಿದರು. ಇಳಿದ ಮೇಲೆಯೇ ಹೊಳೆದದ್ದು, ತಮಗೆ ಹೋಗಬೇಕಾದ ಜಾಗವೇ ಇಲ್ಲ ಎಂದು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಅಳುವುದಕ್ಕೆಂದು ಬಾಯಿ ತೆರೆದವರು ಅದು ಹೇಗೋ ನಕ್ಕುಬಿಟ್ಟರು.

"ಹೇಳು ಕಣ್ಣು, ಎಲ್ಲಿಗೆ?"

"ಕೊಯಮತ್ತೂರಲ್ಲೇ, ಆರ್.ಎಸ್. ಪುರಂಗೆ ಅತ್ತೆ!"

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ! ಸುಮ್ನೆ ಬೀದಿ ಬೀದಿ ನಡೀತೀವಿ! ಊಟ ಮಾಡ್ತೀವಿ! ಎಲ್ಲಾದ್ರೂ ಕೂತು ಮಾತಾಡ್ತೀವಿ!" ಮನಸ್ಸಿನ ಗುಟ್ಟನ್ನು ಸಂತೆಯಲ್ಲಿ ಬದನೆಕಾಯಿ ಕೂಗಿ ಮಾರುವ ಹಾಗೆ ಅರಚಬೇಕಾಯಿತಲ್ಲ ಎಂದು ನಿತ್ಯಾಳಿಗೇ ನಾಚಿಕೆಯಾಯಿತು.

"ದಿನಪೂರ್ತಿ ಏನಂತ ಮಾತು?"

"ಏನೇನೋ! ಹೋದ ಸಲ, ಅವ್ರು ಚಿಕ್ಕೋರಿದ್ದಾಗ ಮಡತ್ತುಕುಳಂ ಊರಿನ ಮಾಮನ ತೋಟದ ಬಾವಿಗೆ ಬಿದ್ದಿದ್ದು ಹೇಳಿದ್ರು!"

"ಬಾವಿಗಾ? ಯಾವಾಗ? ಹೆತ್ತವಳ ಹತ್ರ ಮೂವತ್ತು ವರ್ಷ ಮುಚ್ಚಿಟ್ಟು ನಿನಗೆ ಹೇಳ್ತಾನಾ ಕಳ್ಳ?" ಕಾಮಾಕ್ಷಿಯಮ್ಮನಿಗೆ ಒಂದು ಕ್ಷಣ ಆಸ್ಪತ್ರೆಯೇ ಮರೆತುಹೋಯಿತು. ಮತ್ತೆ ನೆನಪಾಗಿ ಮುಖ ಬಿಗಿಯಿತು. "ಆ ಮಾತು ಮನೇಲಿ ಕೂತು ಆಡಿದ್ರೆ ಆಗಲ್ವಾ? ನಿಮಗೋಸ್ಕರ ಗುರುವಾರ ಒಂದೊತ್ತು ಉಪವಾಸ ಇದ್ದೀನಿ ನಾನು. ಈ ಮಂಡಿ ಇಟ್ಕೊಂಡು ನಾಲ್ಕು ಮಗ್ಗ ನೋಡ್ಕೊಂಡಿದೀನಿ!"

ನಿತ್ಯಾಳ ತಲೆ ಬಗ್ಗಿತು. ಮನೆಯಲ್ಲೇ ಯಾಕೆ ಆಗಲ್ಲ ಅನ್ನುವುದಕ್ಕೆ ಮಾತ್ರ ಉತ್ತರ ಕೊಟ್ಟಳು.

"ಇಲ್ಲಿ ಅವ್ರು ಏನು ಹೇಳಿದ್ರೂ ಬೈದಂಗೇ ಕೇಳ್ಸತ್ತೆ ಅತ್ತೆ! ಅಲ್ಲಿ ಮೆಲ್ಲಗೆ ಮಾತಾಡ್ತಾರೆ. ಮದ್ವೆ ಆಗಿ ಒಂಬತ್ತು ವರ್ಷಕ್ಕೆ ಅವ್ರ ದನಿ ಹಿಂಗಿದೆ ಅಂತ ಗೊತ್ತಾಯ್ತು ನನಗೆ!"

ಕಾಮಾಕ್ಷಿಯಮ್ಮ ಹತ್ತಿರ ಜರುಗಿ ಕೂತು, "ಡಾಕ್ಟರಮ್ಮ ಏನಂದ್ಲು?" ಅಂದರು.

ಆ ಒಂದು ಮಾತನ್ನು ಕೂಗಿ ಹೇಳಲು ನಿತ್ಯಾಳಿಂದ ಆಗಲಿಲ್ಲ. ನೂಲು ಮುಗಿಯಿತು ಎಂದು ಮಗ್ಗದ ಆ ತುದಿಯಿಂದ ಈ ತುದಿಗೆ ತಿಳಿಸಲು ಆ ಮನೆಯಲ್ಲಿ ಒಂದು ಸನ್ನೆಯಿತ್ತು: ಎರಡೂ ಅಂಗೈ ಬಿಡಿಸಿ ತೋರಿಸುವುದು. ಅವಳು ಅಷ್ಟೇ ಮಾಡಿದಳು.

ಅತ್ತೆ ಆ ಖಾಲಿ ಕೈಗಳನ್ನು ನೋಡುತ್ತ ಕೂತರು. ಸುತ್ತುವ ಮೆಷಿನ್ನಿನಲ್ಲಿ ಕಂಡಿಕೆ ತುಂಬಿ ನೂಲು ಆಚೆಗೆ ಸುರಿಯತೊಡಗಿದರೂ ಇಬ್ಬರೂ ಕೈ ಹಾಕಲಿಲ್ಲ. ಕೊನೆಗೆ ಕಾಮಾಕ್ಷಿಯಮ್ಮ ಮಂಡಿಗೆ ಕೈಯೂರಿ ಎದ್ದರು. ನೇರ ಮಗ್ಗದ ಕೋಣೆಗೆ ನಡೆದು ಮೇನ್ ಸ್ವಿಚ್ಚು ಕೆಳಗೆಳೆದರು. ಹಿಂದೆಯೇ ಓಡಿಬಂದ ನಿತ್ಯಾಳಿಗೆ, ಮುಗಿಯಿತು, ಇನ್ನು ರಾದ್ಧಾಂತ ಅನಿಸಿತು.

ಮಗ್ಗಗಳು ಒಂದೊಂದಾಗಿ ನಿಂತವು. ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿಸಿತು.

"ಯಾರದು ನಿಲ್ಸಿದ್ದು?" ಎಂದು ಶರವಣನ್ ಬೀದಿಗೆಲ್ಲ ಕೇಳುವಂತೆ ಕಿರುಚಿದ.

"ನಾನೇ. ಈಗ ಯಾವ ಸದ್ದೂ ಇಲ್ವಲ್ಲ ಸಾಮಿ, ಮೆಲ್ಲಗೆ ಹೇಳು. ನಾಳೆ ಡಾಕ್ಟರು ಎಷ್ಟು ಗಂಟೆಗೆ ಬರಕ್ಕೆ ಹೇಳಿದಾರೆ?"

ಹುಬ್ಬಿನ ಮೇಲಿನ ಹತ್ತಿಯ ಧೂಳು ಒರೆಸಿಕೊಳ್ಳುತ್ತ ಅವನು ಹೆಂಡತಿಯ ಕಡೆ ನೋಡಿದ. ಕಣ್ಸನ್ನೆ ಮಾಡಲು ನಿತ್ಯಾಳಿಗೆ ಸಮಯವೇ ಸಿಗಲಿಲ್ಲ.

"ಹತ್ತು ಗಂಟೆಗಮ್ಮ," ಅಂದ. ಅವನ ದನಿ ತಾನಾಗಿಯೇ ಇಳಿದಿತ್ತು. "ಈ ಸಲ ಏನೋ ಹೊಸ ಟೆಸ್ಟಂತೆ. ಬರೋದು ಸಾಯಂಕಾಲ ಆಗ್ಬೋದು."

ಆ ದನಿ ಎಲ್ಲಿಂದ ಬಂತೆಂದು ಹುಡುಕುವವರ ಹಾಗೆ ಕಾಮಾಕ್ಷಿಯಮ್ಮ ಮಗನ ಮುಖವನ್ನೇ ನೋಡಿದರು. ಸೆರಗಿನಿಂದ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡರು.

"ಹತ್ತು ಅಂದ್ರೆ ಹತ್ತಕ್ಕೆ ಅಲ್ಲಿರ್ಬೇಕು. ವಾಪಸ್ ಬರೋ ಅವಸರ ಏನೂ ಬೇಡ," ಎಂದು ಸ್ವಿಚ್ಚಿನ ಮೇಲೆ ಕೈಯಿಟ್ಟರು. "ಅಂಥಾ ಡಾಕ್ಟರು ಎಲ್ಲಾರ್ಗೂ ಸಿಕ್ಕಲ್ಲ."