ಅತಿಥಿ ಎಂಬ ಹೆಸರು

"ಇಬ್ಬರಲ್ಲಿ ಕದ್ದವರು ಯಾರು?"

ಪಾಠ ಹೇಳುವ ಮೇಡಂ ದನಿ ಏರಿಸಲಿಲ್ಲ. ಎರಡು ಪ್ರೋಗ್ರಾಮ್‌ಗಳ ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಮೊದಲ ಅಸೈನ್‌ಮೆಂಟ್: ಗ್ರಂಥಾಲಯದ ಪುಸ್ತಕ ಕಾದಿರಿಸುವ ಚಿಕ್ಕದೊಂದು ಪ್ರೋಗ್ರಾಮ್. ಮೊದಲ ವರ್ಷದವರೆಲ್ಲ ಬರೆದಿದ್ದರು. ಇವೆರಡು ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು.

"ಸ್ವಲ್ಪ ಹೊತ್ತು ಬಳಸಿ ಬಿಡೋ ಜಾಗಕ್ಕೆ ಎಲ್ಲರೂ 'ಟೆಂಪ್' ಅಂತ ಹೆಸರಿಡ್ತಾರೆ. ನೀವಿಬ್ಬರು ಮಾತ್ರ 'ಅತಿಥಿ' ಅಂತ ಇಟ್ಟಿದ್ದೀರಿ. ನಾನು ಏನಂತ ನಂಬಲಿ?"

ಹುಡುಗಿ ಪಕ್ಕದಲ್ಲಿ ನಿಂತವನನ್ನು ಕಣ್ಣಲ್ಲೇ ಸುಟ್ಟಳು. ಬೇರೆ ಸೆಕ್ಷನ್ನಿನವನು. ಈವರೆಗೆ ಮುಖ ನೋಡಿದವಳಲ್ಲ. ಲ್ಯಾಬಿನಲ್ಲಿ ಕಂಪ್ಯೂಟರ್ ತೆರೆದಿಟ್ಟು ನೀರು ಕುಡಿಯಲು ಎದ್ದು ಹೋಗಿದ್ದೆನಲ್ಲ, ಆಗಲೇ ಕೈಚಳಕ ತೋರಿಸಿದ್ದಾನೆ.

ಬೇರೇನು ಕದ್ದಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಆ ಹೆಸರು ಅಪ್ಪನದು. ಅಪ್ಪ ಪ್ರೋಗ್ರಾಮರ್. ಅರ್ಧ ವಾರ ಪರವೂರಿನ ಕೆಲಸ, ಅರ್ಧ ವಾರ ಮನೆ. ಮನೆಯಲ್ಲಿದ್ದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. "ಬಂದು ಹೋಗೋನಿಗೆ ಅತಿಥಿ ಅನ್ನೋದೇ ಸರಿ ಮಗಳೇ" ಎಂದು ನಗುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಮನೆ ತುಂಬ ಜನ. ಅಪ್ಪನ ಫೋನು ಮಾತ್ರ ಬಿಡದೆ ಬಡಿದುಕೊಳ್ಳುತ್ತಿತ್ತು. "ಆಫೀಸಿನೋರು" ಎಂದ ಅಮ್ಮ ಅದರ ಬಾಯಿ ಮುಚ್ಚಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕಾಲೇಜಿನಲ್ಲಿ ಹುಡುಗಿ ಈ ಸುದ್ದಿ ಯಾರಿಗೂ ಹೇಳಿರಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

"ನಮ್ಮಪ್ಪ ಹೇಳಿಕೊಟ್ಟಿದ್ದು ಮೇಡಂ" ಎಂದಳು.

"ನನಗೂ ನಮ್ಮಪ್ಪನೇ ಹೇಳಿಕೊಟ್ಟಿದ್ದು" ಎಂದ ಹುಡುಗ.

ಸುಳ್ಳನ್ನೂ ನಕಲು ಹೊಡೆಯುತ್ತಾನಲ್ಲ, ಎಂದುಕೊಂಡಳು.

"ಇಬ್ಬರು ಅಪ್ಪಂದಿರಿಗೂ ಒಂದೇ ತಲೆಯಾ? ನಾಳೆ ಕರ್ಕೊಂಡು ಬನ್ನಿ, ಅವರನ್ನೇ ಕೇಳೋಣ."

"ನಮ್ಮಪ್ಪನಿಗೆ ಬರೋಕಾಗಲ್ಲ" ಎಂದಳು ಹುಡುಗಿ.

ಹುಡುಗ ನೆಲ ನೋಡಿದ. "ನಮ್ಮಪ್ಪ ಕೆಲಸದ ಮೇಲೆ ಹೋಗಿದ್ದಾರೆ. ಈ ಸಲ ವಾಪಸ್ ಬರೋದು ತುಂಬ ತಡ ಆಗಿದೆ."

ನೆಪ ಹೇಳುವುದರಲ್ಲೂ ಜಾಣ, ಎಂದು ಅವಳು ಹಲ್ಲು ಕಚ್ಚಿದಳು.

ಮೇಡಂ ಇಬ್ಬರ ಕೈಗೂ ಸೀಮೆಸುಣ್ಣ ಕೊಟ್ಟು, ಬೋರ್ಡಿನ ಎರಡು ತುದಿಗೆ ನಿಲ್ಲಿಸಿ, ಹೊಸದೊಂದು ಸಮಸ್ಯೆ ಕೊಟ್ಟರು. ಪಕ್ಕಕ್ಕೆ ತಿರುಗುವಂತಿಲ್ಲ. ಕದ್ದವನ ಬಣ್ಣ ಈಗ ಬಯಲಾಗುತ್ತದೆ ಎಂದು ಹುಡುಗಿ ಒಂದೇ ಉಸಿರಿಗೆ ಬರೆದು ಮುಗಿಸಿ ತಿರುಗಿದಳು.

ಹುಡುಗ ಕೊನೆಯ ಸಾಲುಗಳ ಸುತ್ತ ಚೌಕ ಎಳೆದು, ಮೇಲೆ ಒಂದು ಟಿಪ್ಪಣಿ ಬರೆಯುತ್ತಿದ್ದ: ಮುಟ್ಟಿದರೆ ಮುನಿ.

ಕೆಣಕಿದರೆ ಇಡೀ ಪ್ರೋಗ್ರಾಮೇ ಕೆಡುವಂಥ ಸಾಲುಗಳಿಗೆ ಅಪ್ಪ ಇಡುತ್ತಿದ್ದ ಅಡ್ಡಹೆಸರು ಅದು. ಅವಳ ಅಸೈನ್‌ಮೆಂಟಿನಲ್ಲಿ ಅದು ಎಲ್ಲೂ ಇರಲಿಲ್ಲ. ಕದಿಯುವುದಕ್ಕೆ ಸಿಗುವ ಮಾತೇ ಅಲ್ಲ. ಈಗಷ್ಟೇ, ಬೋರ್ಡಿನ ಈ ತುದಿಯಲ್ಲಿ, ಅವಳೂ ಅದನ್ನೇ ಬರೆದಿದ್ದಳು.

ಹುಡುಗನೂ ತಿರುಗಿ ಓದಿದ. ಓದಿ ಹಾಗೆಯೇ ನಿಂತುಬಿಟ್ಟ.

ಮೇಡಂ ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡಿದರು. "ಕದ್ದಿಲ್ಲ ಬಿಡಿ. ಹೋಗಿ" ಎಂದರು. ಅವರ ದನಿ ಯಾಕೋ ಮೆತ್ತಗಾಗಿತ್ತು.

ಹುಡುಗಿ ಹೊರಗೆ ಬಂದು ಬಿರಬಿರನೆ ನಡೆದಳು. ಮೆಟ್ಟಿಲ ಬಳಿ ಅವನು ಓಡಿ ಬಂದು ಅವಳ ಜೊತೆಯಾದ.

"ಅಪ್ಪ ಈಗ ನಿಮ್ಮ ಮನೇಲೇ ಇದ್ದುಬಿಟ್ಟಿದ್ದಾರಲ್ವಾ? ನಮ್ಮ ಕಡೆ ಬರದಿದ್ರೂ ಪರವಾಗಿಲ್ಲ. ಚೆನ್ನಾಗಿದ್ದಾರಾ?"