ಮೊದಲು ಓಗೊಟ್ಟವರು

ಆ ಬೆಳಗ್ಗೆ ಒಂದು ಕಂಪ್ಯೂಟರೂ ಕೈಕೊಡಬಾರದಿತ್ತು. ಅದು ಕಂಪ್ಯೂಟರ್ ಜೋಡಿಸುವ ಕೆಲಸದ ಓರೆಸ್ಟ್‌ಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಊರಿನ ಗ್ರಂಥಾಲಯ ನೋಡಿಕೊಳ್ಳುವ ಸಿಗ್ರುನ್ ಬಾಗಿಲು ತೆಗೆದು ಕಾಫಿ ಇಡಲು ಹಿಂದಿನ ಕೋಣೆಗೆ ಹೋದಾಗ ಅವನು ನಕ್ಷೆಗಳ ಬೀರುವಿನ ಹಿಂದೆ ನುಸುಳಿ, ಅಲ್ಲಿನ ತಂತಿಯನ್ನು ಹೇಗಿರಬೇಕೋ ಹಾಗೆ ಮಾಡಿ ಬಂದಿದ್ದ. ಮಂಡಿಗೆ ಧೂಳು ಮೆತ್ತಿತ್ತು. ಕೊಡವಿಕೊಂಡು, ಸಾಲಾಗಿ ಕೂತ ಹೊಸ ಕಂಪ್ಯೂಟರುಗಳ ಗುಂಡಿ ಒತ್ತುತ್ತ ಹೋದ.

ಎಲ್ಲ ಪರದೆಗಳೂ ಕಪ್ಪಾಗಿಯೇ ನಿಂತವು.

ಓರೆಸ್ಟ್‌ನ ಮುಖ ಬಿಳಿಚಿತು. "ಇದು ಸಾಧ್ಯವೇ ಇಲ್ಲ," ಎಂದ.

"ಸೆಪ್ಟೆಂಬರಿಂದ ಇದನ್ನೇ ಹೇಳ್ತಾ ಇದೀಯ ಕಣಯ್ಯ," ಎಂದ ಕಿಟಕಿಯ ಬಳಿಯ ಮುದುಕ ಲಾರಸ್. ಸರೋವರ ಹೆಪ್ಪುಗಟ್ಟಿದ ಮೇಲೆ ಮೀನಿಗೆ ಬಲೆ ಹಾಕುವ ಕೆಲಸವನ್ನು ಮಗನಿಗೆ ಬಿಟ್ಟು, ಪತ್ರಿಕೆ ಓದುವ ನೆಪದಲ್ಲಿ ದಿನವೂ ಇಲ್ಲಿ ಕೂರುವವನು. "ಎದ್ವಾ ನಿನ್ನ ಮಕ್ಕಳು? ಜೋಗುಳ ಹಾಡಿ ಮಲಗಿಸಿದಾರೆ ಯಾರೋ."

ಹೊಸ ಕಂಪ್ಯೂಟರ್ ಅಂದರೆ ಖಾಲಿ ತಲೆ. ಗುಂಡಿ ಒತ್ತಿದೊಡನೆ ಅದು ತಂತಿಯೊಳಗೆ ಕೂಗು ಹಾಕುತ್ತದೆ: ನಾನು ಯಾರು, ಎಲ್ಲಿಗೆ ಹೋಗಲಿ? ಹಿಂದಿನ ಕೋಣೆಯ ದೊಡ್ಡ ಯಂತ್ರ ಓಗೊಟ್ಟು, ಹೆಸರು ವಿಳಾಸ ಕೊಟ್ಟು, ವಿಂಡೋಸನ್ನು ಪೂರ್ತಿ ತಲೆಗೆ ತುಂಬುತ್ತದೆ. ಆದರೆ ಕೂಗಿದ ಮಗುವಿಗೆ ಮೊದಲು ಓಗೊಟ್ಟವರೇ ತಾಯಿ. ನಡುವೆ ಬೇರೆ ಯಾರಾದರೂ ಓಗೊಟ್ಟರೆ ಅದು ಅವರ ಹಿಂದೆ ಹೋಗುತ್ತದೆ. ಅವರ ಹತ್ತಿರ ತುಂಬಲು ಏನೂ ಇರುವುದಿಲ್ಲ. ಪರದೆ ಕಪ್ಪು.

ಇಲ್ಲಿಗೆ ಬರತೊಡಗಿದ ಮೊದಲ ಗುರುವಾರವೇ ಓರೆಸ್ಟ್ ಇದನ್ನೆಲ್ಲ ಸಿಗ್ರುನ್‌ಗೆ ವಿವರಿಸಿದ್ದ. ಆಕೆ ಗಲ್ಲಕ್ಕೆ ಕೈಯಿಟ್ಟು ಕೇಳಿದ್ದಳು. ಅವನ ಹೆಂಡತಿ ತೀರಿಕೊಂಡ ಮೇಲೆ ಅಷ್ಟು ಹೊತ್ತು ಅವನ ಮಾತನ್ನು ಯಾರೂ ಕೇಳಿರಲಿಲ್ಲ.

ಜೇಬಿನ ಫೋನು ಬಡಿದುಕೊಂಡಿತು. ಮೇಲಧಿಕಾರಿ ನಾರ್ಬರ್ಟ್.

"ಗಿಮ್ಲಿಗೆ ಬರೋ ದಾರಿಯಲ್ಲೇ ಇದೀನಿ. ನಾನು ಬರೋದ್ರೊಳಗೆ ಅವು ಎದ್ದಿರಬೇಕು. ಇಲ್ದಿದ್ರೆ ಸೋಮವಾರ ವಿನ್ನಿಪೆಗ್‌ನ ಹುಡುಗರು ಬಂದು ಇಂಚಿಂಚು ತಂತಿ ಬಿಚ್ಚಿ ನೋಡ್ತಾರೆ. ನೀನು ಗೋದಾಮಲ್ಲಿ ರಟ್ಟಿನ ಪೆಟ್ಟಿಗೆ ಮಡಚ್ತಾ ಇರು."

ಇಂಚಿಂಚು ಎಂಬ ಮಾತಿಗೆ ಓರೆಸ್ಟ್ ಬೆವರಿದ.

"ಕೋಟು ಕೊಡಿ ಇತ್ಲಾಗೆ," ಎಂದಳು ಸಿಗ್ರುನ್, ಕಾಫಿ ಲೋಟ ಇಡುತ್ತ. ಪ್ರತಿ ವಾರ ಅವನ ಕೋಟನ್ನು ತಾನೇ ಇಸಿದುಕೊಂಡು ಗೂಟಕ್ಕೆ ಹಾಕುವುದು ಆಕೆಯ ಅಭ್ಯಾಸ. "ಒಳಗೆ ಇಷ್ಟು ಬೆಚ್ಚಗಿದೆ."

"ಇರಲಿ ಬಿಡಿ. ಚಳಿ."

"ಚಳಿಯಂತೆ! ಬೆವರು ಸುರೀತಿದೆ," ಎಂದ ಲಾರಸ್.

ಓರೆಸ್ಟ್ ಕೋಟನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಬೇರೆ ಯಾರೋ ಓಗೊಡುತ್ತಿದ್ದಾರೆ. ಆದರೆ ಯಾರು? ಈ ಊರಿನಲ್ಲಿ ಅಂಥ ಬುದ್ಧಿ ಇನ್ನಾರಿಗಿದೆ? ಲಾರಸ್‌ನ ಕಾಲ ಬಳಿ ಕೆಂಪು ದೀಪವೊಂದು ಮಿನುಗಿತು. ಓರೆಸ್ಟ್ ನೆಲಕ್ಕೆ ಬಿದ್ದು ಅದನ್ನು ಹಿಡಿದೆಳೆದ.

"ಬಿಡೋ ಮಾರಾಯ! ಅದು ನನ್ನ ಕಾಲು ಕಾಯಿಸೋ ಹೀಟರು!"

ಸಿಗ್ರುನ್ ನಗು ತಡೆದುಕೊಂಡು ಕೇಕಿನ ತಟ್ಟೆ ತಂದಿಟ್ಟಳು. ಒಣ ಪ್ಲಮ್ ಹಣ್ಣಿನ ಕಪ್ಪು ಪದರಗಳ ಐಸ್‌ಲ್ಯಾಂಡಿನ ಕೇಕು, ವೀನಾರ್ತೆರ್ತಾ. ಕ್ರಿಸ್‌ಮಸ್ಸಿಗೆ ಮಾಡುವುದನ್ನು ಆಕೆ ಸೆಪ್ಟೆಂಬರಿನಿಂದ ಬಿಟ್ಟೂಬಿಡದೆ ಮಾಡುತ್ತಿದ್ದಳು.

"ಮೇಲೆ ಸಕ್ಕರೆ ಬಳಿದಿದೀಯ," ಎಂದು ಲಾರಸ್ ಗೊಣಗಿದ. "ನಮ್ಮಜ್ಜಿ ಕಂಡಿದ್ರೆ ಐಸ್‌ಲ್ಯಾಂಡಿಗೇ ವಾಪಸ್ ಹೊರಟುಬಿಡ್ತಿದ್ಲು."

"ನಿನಗಲ್ಲ ಬಿಡು ಮಾಡಿದ್ದು. ಓರೆಸ್ಟ್, ಹೊಟ್ಟೆ ತುಂಬ ತಿನ್ನಿ. ಇನ್ನರ್ಧ ಎತ್ತಿಟ್ಟಿದೀನಿ, ಮುಂದಿನ ವಾರಕ್ಕೆ."

ಓರೆಸ್ಟ್ ತುತ್ತು ಬಾಯಿಗಿಡುವವನು ತಡೆದ.

ಮುಂದಿನ ವಾರವೇ ಕಡೆ, ಕಂಪ್ಯೂಟರುಗಳು ಎದ್ದ ಮೇಲೆ ನಾನು ಮತ್ತೆ ಬರುವುದಿಲ್ಲ ಎಂದು ಕಳೆದ ವಾರವೇ ಹೇಳಿ ಹೋಗಿದ್ದ. ಆಗ ಆಕೆ ಹೆಣಿಗೆಯಿಂದ ತಲೆ ಎತ್ತದೆ, "ನೋಡೋಣ," ಎಂದಿದ್ದಳು.

ಅವನ ಕಣ್ಣು ಆಕೆಯ ಕುರ್ಚಿಯ ಪಕ್ಕದ ಉಣ್ಣೆಯ ಬುಟ್ಟಿಯ ಮೇಲೆ ನಿಂತಿತು. ನೀಲಿ ಉಣ್ಣೆ, ಬೂದು ಉಣ್ಣೆ. ಇನ್ನೂ ಒಂದು ನೀಲಿ ಎಳೆ, ತುಸು ದಪ್ಪನೆಯದು, ಬುಟ್ಟಿಯಿಂದ ಇಳಿದು ಗೋಡೆಯೊಳಗೆ ಹೋಗಿತ್ತು.

ಅವನು ಉಣ್ಣೆಯನ್ನು ಮೆಲ್ಲಗೆ ಸರಿಸಿದ. ಅಡಿಯಲ್ಲಿ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಮನೆಯಲ್ಲಿ ಇಂಟರ್‌ನೆಟ್ಟಿಗೆ ಇಟ್ಟುಕೊಳ್ಳುವಂಥದ್ದು. ಯಾರು ಕೂಗಿದರೂ ಓಗೊಡುತ್ತದೆ.

ಸಿಗ್ರುನ್ ಕಿವಿಯ ತನಕ ಕೆಂಪಾದಳು.

"ಇವತ್ತು ಬೆಳಗ್ಗೆಯಷ್ಟೇ ಇಟ್ಟಿದ್ದು. ಪ್ರಮಾಣ ಮಾಡ್ತೀನಿ," ಎಂದು ಪಿಸುಗುಟ್ಟಿದಳು. "ಮೊದಲು ಓಗೊಟ್ಟವರೇ ತಾಯಿ ಅಂತ ನೀವೇ ಹೇಳಿಕೊಟ್ರಲ್ಲ. ಇವು ಎದ್ದುಬಿಟ್ರೆ ನೀವ್ಯಾಕೆ ಬರ್ತೀರಿ? ಬೈದುಬಿಡಿ."

ಓರೆಸ್ಟ್ ಬೈಯಲಿಲ್ಲ. ತಂತಿ ಕಿತ್ತು, ಸಾಲಿನುದ್ದಕ್ಕೂ ಮತ್ತೆ ಗುಂಡಿ ಒತ್ತಿದ. ಕಂಪ್ಯೂಟರುಗಳು ಕೂಗಿದವು. ಹಿಂದಿನ ಕೋಣೆಯ ತಾಯಿ ಓಗೊಟ್ಟಿತು. ಪರದೆಗಳು ಒಂದರ ಹಿಂದೊಂದು ನೀಲಿಯಾಗಿ ಬೆಳಗಿದವು.

"ಅಯ್ಯೋ, ಎದ್ದೇಬಿಟ್ವು!" ಲಾರಸ್ ಪತ್ರಿಕೆ ಕೆಳಗಿಟ್ಟ. "ಇನ್ನು ನನಗೆ ಪುಕ್ಕಟೆ ಕೇಕು ಯಾರು ಕೊಡ್ತಾರೆ?"

ಹೊರಗೆ ಹಿಮದ ಮೇಲೆ ನಾರ್ಬರ್ಟ್‌ನ ಕಾರು ಕರಕರ ಸದ್ದು ಮಾಡಿ ನಿಂತಿತು.

"ಆ ಅರ್ಧ ಕೇಕು ಹಾಗೇ ಇರಲಿ," ಎಂದ ಓರೆಸ್ಟ್ ಮೆಲ್ಲಗೆ. "ಮುಂದಿನ ಗುರುವಾರ ಬರ್ತೀನಿ. ಕೆಲಸ ಇಲ್ಲದೆ."

ಸಿಗ್ರುನ್ ತನ್ನ ಪೆಟ್ಟಿಗೆಯನ್ನು ಬುಟ್ಟಿಯಿಂದ ಎತ್ತಿಕೊಂಡಳು. "ಆದರೂ ಒಂದು ಅರ್ಥ ಆಗ್ಲಿಲ್ಲ. ಇಂಥದೇ ಪೆಟ್ಟಿಗೆ ಇರುತ್ತೆ ಅಂತ ನಿಮಗೆ ಹೇಗ್ರೀ ಹೊಳೀತು?"

ಓರೆಸ್ಟ್ ಕೋಟು ಬಿಚ್ಚಿ ಆಕೆಯ ಕೈಗೆ ಕೊಟ್ಟ. ಒಂದು ಕಡೆ ಭಾರ ಜಗ್ಗುತ್ತಿತ್ತು. ಆಕೆ ಜೇಬಿಗೆ ಕೈ ಹಾಕಿದಳು.

ಹೊರಬಂದದ್ದು ಅಂಥದೇ ಇನ್ನೊಂದು ಕಪ್ಪು ಪೆಟ್ಟಿಗೆ. ಅದರ ಮೇಲೆ ನಕ್ಷೆಗಳ ಬೀರುವಿನ ಹಿಂದೆ ಸೆಪ್ಟೆಂಬರಿನಿಂದ ಕೂತ ಧೂಳು.