ಆರು ನಿಮಿಷದ ಮಂಟಪ

"ಸ್ಟೇಷನ್ನಿಗೆ ಫೋನ್ ಮಾಡ್ಲೇನಪ್ಪ, ಇಲ್ಲ ನೀನೇ ಒಪ್ಕಂತೀಯಾ?" ಊರ ಹಿರಿಯ ರಂಗಯ್ಯನ ಬೆರಳು ಮೊಬೈಲಿನ ಮೇಲಿತ್ತು.

ಕುರಿಗಾಹಿ ದುರುಗೇಶ ಕೈ ಮುಗಿದ. "ಗುಡಿ ದೀಪ ನಾ ಕದ್ದಿಲ್ರಿ. ಸೋಮವಾರ ಸಂಜೆ ಐದಕ್ಕೆ ಊರಾಚೆ ಹೊಳಲ್ಕೆರೆ ದಾರಿ ಮಂಟಪದಾಗೆ ಕುರಿ ಹಾಯಿಸ್ತಿದ್ದೆ."

"ಐದಕ್ಕೇ ಇವನು ದೀಪ ಎತ್ಕಂಡು ಓಡಿದ್ದು. ಗುಡಿ ಬಾಗಿಲಾಗೆ ಕುಂತು ನಾನೇ ಕಣ್ಣಾರೆ ಕಂಡೀನಿ," ಎಂದ ಕಾವಲುಗಾರ ಕನಕರಾಜ್. ಫೋಟೊವೊಂದನ್ನು ಕಟ್ಟೆಯ ಮೇಲಿಟ್ಟ. "ದಾಕ್ಷಾಯಿಣಿ ಸ್ಟುಡಿಯೋದಾಗೆ ಸಿಕ್ತು. ಅದೇ ಮಂಟಪ, ಅದೇ ಸೋಮವಾರ, ಅದೇ ಐದು ಗಂಟೆ. ಫೋಟೊ ಬೆನ್ನಿಗೆ ಅವಳೇ ಬರೆದವ್ಳೆ. ಕಂಬ, ಕಲ್ಲು ಬಿಟ್ರೆ ಒಂದು ಕುರಿ ಬಾಲಾನಾದ್ರೂ ಐತೇನ್ರಿ?"

ಇರಲಿಲ್ಲ.

ಜನರನ್ನು ಸರಿಸಿಕೊಂಡು ದಾಕ್ಷಾಯಿಣಿ ಬಂದಳು. ಇವತ್ತಿಗೂ ರೀಲು ಹಾಕುವ ಕ್ಯಾಮೆರಾ ಬಿಡದವಳು. ಅಂಗೈಯಲ್ಲಿ ಅಜ್ಜನ ಕಾಲದ ತಗಡಿನ ಬಿಲ್ಲೆ. ದುರ್ಗದ ಕೋಟೆಯಂತೆ ಸುತ್ತಿನೊಳಗೆ ಸುತ್ತು, ಸುತ್ತಿನ ತುಂಬ ಅಂಕಿ.

"ಏನವ್ವ, ಜಾತಕ ನೋಡ್ತೀಯಾ?" ಕನಕರಾಜ್ ನಕ್ಕ.

"ಬೆಳಕಿನ ಲೆಕ್ಕ ಕಣಣ್ಣ." ಅವಳು ಸುತ್ತುಗಳನ್ನು ಒಂದೊಂದಾಗಿ ತಿರುಗಿಸಿದಳು. ಬೆಳಕನ್ನು ನಿಧಾನವಾಗಿ ಹೀರುವ ರೀಲು. ಕ್ಯಾಮೆರಾದ ಸಣ್ಣ ಕಿಂಡಿ. ಮಂಟಪದ ಒಳಗತ್ತಲು. ಗೆರೆ ಬಂದು ಕೂತ ಅಂಕಿಯನ್ನು ರಂಗಯ್ಯನಿಗೆ ತೋರಿಸಿದಳು. "ಆರು ನಿಮಿಷ. ಅಷ್ಟೊತ್ತು ಕ್ಯಾಮೆರಾ ಕಣ್ಣು ತೆರೆದಿಟ್ಟು ನೀರು ತರಾಕೆ ಹೋಗಿದ್ದೆ. ಆಗ ನಡೆದು ಹೋದದ್ದು ಯಾವುದೂ ರೀಲಿಗೆ ಅಂಟಲ್ಲ ಕಣಜ್ಜ. ಅಲುಗದೆ ಇದ್ದದ್ದು ಮಾತ್ರ ಉಳಿತೈತೆ."

"ಹಂಗಾರೆ ಕುರಿ ಹೋಗಿರಬೌದು?"

"ಹೋಗಿರಬೌದು."

"ಇರಬೌದು ಅಂದ್ರೆ ಸಾಕ್ಷಿ ಆಯ್ತೇನ್ರಿ?" ಕನಕರಾಜ್ ದನಿ ಏರಿಸಿದ. "ಎಚ್ಚರಿದ್ದು ಕಂಡವನು ನಾನು."

ರಂಗಯ್ಯ ನಿಟ್ಟುಸಿರು ಬಿಟ್ಟು ಮೊಬೈಲನ್ನು ಕಿವಿಗಿಟ್ಟ. ಅತ್ತ ಕಡೆ ರಿಂಗಾಗುವುದು ಎಲ್ಲರಿಗೂ ಕೇಳುತ್ತಿತ್ತು.

ಆಗ ಮಂಟಪ ಗುಡಿಸುವ ಮುದ್ದಕ್ಕ ಫೋಟೊವನ್ನು ಮೂಗಿನ ಹತ್ತಿರ ತಂದಳು. "ಈ ಮೂಲ್ಯಾಗಿನ ಬಂಡೆ ಎಲ್ಲಿಂದ ಬಂತೇ? ದಿನಾ ಕಸ ಹೊಡಿಯೋಳು, ನಾ ಕಂಡೇ ಇಲ್ಲ."

ಸುತ್ತೆಲ್ಲ ಬಂಡೆಯೇ ಇರುವ ಸೀಮೆ. ಇನ್ನೊಂದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ದಾಕ್ಷಾಯಿಣಿ ಭೂತಗನ್ನಡಿ ಹಿಡಿದಳು. ರಂಗಯ್ಯ ಬಗ್ಗಿ ನೋಡಿ, ಫೋನ್ ಕಟ್ ಮಾಡಿದ.

ಬಂಡೆ ಕಂಬಳಿ ಹೊದ್ದು, ಬಾಯಿ ತೆರೆದು, ಗಾಢ ನಿದ್ದೆಯಲ್ಲಿತ್ತು. ಮುಖ ಕಾವಲುಗಾರ ಕನಕರಾಜನದು.